ಕಾರಿನೊಳಗೆ ನೀರಿನ ಸೋರಿಕೆ

ಕಾರಿನೊಳಗೆ ನೀರಿನ ಸೋರಿಕೆ ಎಂದರೆ ಮಳೆಯ ನೀರು, ವಾಹನವನ್ನು ತೊಳೆದ ನೀರು ಅಥವಾ ಹವಾನಿಯಂತ್ರಣ ವ್ಯವಸ್ಥೆಯಲ್ಲಿ ಸಾಂದ್ರಗೊಂಡ ನೀರು ತನಗೆ ನಿಗದಿಯಾದ ಹಾದಿಯಿಂದ ಹೊರಹೋಗದೆ ಪ್ರಯಾಣಿಕರು ಕೂರುವ ಭಾಗಕ್ಕೆ ಅಥವಾ ಡಿಕ್ಕಿಗೆ ಸೇರುವುದು. ಕಾರಿನಲ್ಲಿ ನೀರನ್ನು ಹೊರಸಾಗಿಸುವ ಸಣ್ಣ ರಂಧ್ರಗಳು ಮತ್ತು ಕೊಳವೆಗಳು ಎಲೆ, ಹೂವು, ಧೂಳು, ಕೆಸರುಗಳಿಂದ ಮುಚ್ಚಿಹೋಗುವುದು ಇಂತಹ ಸೋರಿಕೆಯ ಸಾಮಾನ್ಯ ಕಾರಣಗಳಲ್ಲೊಂದು. ಈ ಬಗೆಯ ಸೋರಿಕೆಗೆ ಪರಿಹಾರವು ನೀರು ಒಳಬರುವ ಜಾಗವನ್ನು ಮುಚ್ಚುವುದರಲ್ಲಿಲ್ಲ. ಹೊರಹೋಗುವ ದಾರಿಯನ್ನು ತೆರೆಯುವುದರಲ್ಲಿದೆ. ಆರಂಭದಲ್ಲೇ ಗಮನಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ಸರಿಪಡಿಸಬಹುದು. ನಿರ್ಲಕ್ಷಿಸಿದರೆ ವಿದ್ಯುತ್ ಸಂಪರ್ಕಗಳ ಹಾನಿ, ತುಕ್ಕು ಮತ್ತು ಬೂಷ್ಟಿಗೆ ಎಡೆಯಾಗುತ್ತದೆ.

ಕರ್ನಾಟಕದಲ್ಲಿ ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ಹಾಸನ ಜಿಲ್ಲೆಯಂತಹ ಪ್ರದೇಶಗಳಲ್ಲಿ ಈ ತೊಂದರೆಗೆ ವಿಶೇಷ ಕಾರಣಗಳಿವೆ. ಒಂದೇ ಜಿಲ್ಲೆಯೊಳಗೆ ಮಳೆಯ ಪ್ರಮಾಣದಲ್ಲಿ ದೊಡ್ಡ ಅಂತರವಿರುವುದರಿಂದ ಒಣ ಭಾಗದಲ್ಲಿ ಗಮನಕ್ಕೆ ಬಾರದ ಅಡಚಣೆಯು ಮಳೆಯ ಭಾಗಕ್ಕೆ ಹೋದಾಗ ಒಮ್ಮೆಲೇ ಹೊರಬೀಳುತ್ತದೆ.

## ಕಾರ್ಯತತ್ತ್ವ

ಕಾರಿನ ಹೊರಕವಚವು ನೀರು ಒಳಬರದಂತೆ ಪೂರ್ಣವಾಗಿ ಮುಚ್ಚಿದ ಪೆಟ್ಟಿಗೆಯಲ್ಲ. ಬಾಗಿಲಿನ ಗಾಜು ಮೇಲೆ ಕೆಳಗೆ ಸರಿಯಬೇಕು, ಒಳಗೆ ಗಾಳಿ ಬರಬೇಕು, ಸನ್‌ರೂಫ್ ತೆರೆಯಬೇಕು. ಇಂತಹ ಪ್ರತಿಯೊಂದು ಸಂದಿಯಲ್ಲೂ ಸ್ವಲ್ಪ ನೀರು ಒಳಗೆ ಇಳಿಯುತ್ತದೆ. ಹಾಗೆ ಇಳಿದ ನೀರನ್ನು ಒಂದು ತೊಟ್ಟಿಯಲ್ಲಿ ಅಥವಾ ಕಾಲುವೆಯಲ್ಲಿ ಹಿಡಿದು, ಕೊಳವೆ ಅಥವಾ ರಂಧ್ರದ ಮೂಲಕ ನೆಲಕ್ಕೆ ಬಿಡುವಂತೆ ಕಾರನ್ನು ರೂಪಿಸಿರುತ್ತಾರೆ.

ಈ ವ್ಯವಸ್ಥೆಯನ್ನು ಕೆರೆಯ ಕೋಡಿಗೆ ಹೋಲಿಸಬಹುದು. ಕೆರೆಗೆ ಬರುವ ನೀರನ್ನು ತಡೆಯಲಾಗದು. ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಕೋಡಿ ಹೂಳಿನಿಂದ ಮುಚ್ಚಿದರೆ ನೀರು ಏರಿಯನ್ನು ದಾಟುತ್ತದೆ. ಕಾರಿನಲ್ಲಿಯೂ ಹೊರದಾರಿ ಮುಚ್ಚಿದಾಗ ತೊಟ್ಟಿಯ ನೀರು ಏರುತ್ತ ಹೋಗಿ, ಅದರ ಅಂಚನ್ನು ದಾಟಿ ಒಳಭಾಗಕ್ಕೆ ಬೀಳುತ್ತದೆ.

ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರಿಗೆ ಸಮ. ಮುಂಭಾಗದ ಗಾಜು ಮತ್ತು ಅದಕ್ಕೆ ನೀರಿಳಿಸುವ ಮೇಲ್ಛಾವಣಿಯ ಭಾಗವನ್ನು ಒಟ್ಟು ಸುಮಾರು 1 ಚದರ ಮೀಟರ್ ಎಂದು ಇಟ್ಟುಕೊಂಡರೆ, 50 ಮಿ.ಮೀ. ಮಳೆಯಾದ ದಿನ ಬಯಲಿನಲ್ಲಿ ನಿಂತ ಕಾರಿನ ಗಾಜಿನಿಂದ ಸುಮಾರು 50 ಲೀಟರ್ ನೀರು ವೈಪರ್‌ಗಳ ಕಡೆಗೆ ಇಳಿಯುತ್ತದೆ. ಇಷ್ಟು ನೀರನ್ನು ಹೊರಗೆ ಕಳಿಸುವುದು ಹೆಬ್ಬೆರಳಿನ ಗಾತ್ರದ ಒಂದೆರಡು ರಂಧ್ರಗಳು ಮಾತ್ರ.

## ನೀರು ಹೊರಹೋಗುವ ದಾರಿಗಳು

### ಕೌಲ್ ತೊಟ್ಟಿ

ಬಾನೆಟ್ಟಿನ ಹಿಂಬದಿ, ಮುಂಭಾಗದ ಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗೆ ಇರುವ ಉದ್ದನೆಯ ತೊಟ್ಟಿಯನ್ನು ಕೌಲ್ ಎಂದು ಕರೆಯುತ್ತಾರೆ. ಇದರ ಮೇಲೆ ಸೀಳುಗಳಿರುವ ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಕಾರಿನೊಳಗೆ ಹೊರಗಾಳಿಯನ್ನು ಎಳೆದುಕೊಳ್ಳುವ ಬ್ಲೋವರ್‌ನ ಬಾಯಿಯೂ ಸಾಮಾನ್ಯವಾಗಿ ಇದೇ ತೊಟ್ಟಿಯಲ್ಲಿರುತ್ತದೆ. ಬಾಯಿಯ ಸುತ್ತ ಎತ್ತರದ ಅಂಚು ಇರುವುದರಿಂದ ಸಾಧಾರಣ ಮಳೆಯಲ್ಲಿ ನೀರು ಅದರೊಳಗೆ ಹೋಗುವುದಿಲ್ಲ. ತೊಟ್ಟಿಯ ಎರಡು ತುದಿಗಳಲ್ಲಿರುವ ರಂಧ್ರಗಳ ಮೂಲಕ ನೀರು ಮುಂದಿನ ಚಕ್ರಗಳ ಹಿಂಬದಿಗೆ ಇಳಿದುಹೋಗುತ್ತದೆ. ಆ ರಂಧ್ರಗಳು ಮುಚ್ಚಿದಾಗ ನೀರಿನ ಮಟ್ಟ ಏರಿ, ಬ್ಲೋವರ್‌ನ ಬಾಯಿಯ ಮೂಲಕ ಡ್ಯಾಶ್‌ಬೋರ್ಡಿನ ಕೆಳಗೆ ಸುರಿಯುತ್ತದೆ. ಭಾರತದ ಕಾರುಗಳಲ್ಲಿ ಚಾಲಕನ ಆಸನ ಬಲಕ್ಕಿರುವುದರಿಂದ ಬ್ಲೋವರ್ ಹೆಚ್ಚಾಗಿ ಎಡಬದಿಯಲ್ಲಿರುತ್ತದೆ. ಹೀಗಾಗಿ ಮೊದಲು ಒದ್ದೆಯಾಗುವುದು ಮುಂದಿನ ಎಡ ಆಸನದಲ್ಲಿ ಕೂತವರ ಕಾಲಿನ ಬಳಿಯ ಜಾಗ.

### ಸನ್‌ರೂಫ್ ಕೊಳವೆಗಳು

ಸನ್‌ರೂಫಿನ ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ ಬಹುಪಾಲು ನೀರನ್ನು ತಡೆಯುತ್ತದೆಯೇ ಹೊರತು ಎಲ್ಲವನ್ನೂ ಅಲ್ಲ. ಗಾಜಿನ ಕೆಳಗೆ ಸುತ್ತಲೂ ಒಂದು ಕಾಲುವೆ ಇದ್ದು, ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗಳಿಂದ ನಾಲ್ಕು ತೆಳು ಕೊಳವೆಗಳು ಹೊರಡುತ್ತವೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಪಕ್ಕದ ಕಂಬಗಳೊಳಗೆ ಇಳಿದು ಮುಂಬಾಗಿಲಿನ ಕೀಲಿನ ಬಳಿ ಅಥವಾ ಚಕ್ರದ ಬಳಿ ಕೊನೆಗೊಳ್ಳುತ್ತವೆ. ಹಿಂದಿನ ಎರಡು ಹಿಂಬದಿಯ ಕಂಬಗಳ ಮೂಲಕ ಬಂಪರ್‌ನ ಬಳಿಗೆ ಬರುತ್ತವೆ. ಇವು ಕಟ್ಟಿಕೊಂಡರೆ ಅಥವಾ ಮೇಲ್ತುದಿಯಲ್ಲಿ ಕಳಚಿಕೊಂಡರೆ ಮೇಲ್ಛಾವಣಿಯ ಬಟ್ಟೆ, ಒಳದೀಪದ ಸುತ್ತಮುತ್ತ ಅಥವಾ ಕಂಬದ ಹೊದಿಕೆಯ ಮೂಲಕ ನೀರು ಜಿನುಗುತ್ತದೆ. ಸನ್‌ರೂಫನ್ನು ಎಂದೂ ತೆರೆಯದಿದ್ದರೂ ಈ ಕೊಳವೆಗಳು ಕಟ್ಟಿಕೊಳ್ಳಬಹುದು.

### ಬಾಗಿಲುಗಳು

ಕಾರಿನ ಬಾಗಿಲು ಹೊರ ಮತ್ತು ಒಳ ತಗಡುಗಳಿಂದಾದ ಟೊಳ್ಳು ಪೆಟ್ಟಿಗೆ. ಗಾಜಿನ ಮೇಲೆ ಬಿದ್ದ ನೀರಿನಲ್ಲಿ ಸ್ವಲ್ಪ ಭಾಗ ರಬ್ಬರ್ ಬೀಡಿಂಗನ್ನು ದಾಟಿ ಬಾಗಿಲಿನೊಳಗೆ ಇಳಿಯುತ್ತದೆ ಮತ್ತು ಬಾಗಿಲಿನ ಅಡಿಯಂಚಿನ ಸೀಳುಗಳಿಂದ ಹೊರಹೋಗುತ್ತದೆ. ಒಳ ತಗಡಿನ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ನೀರು ಪ್ರಯಾಣಿಕರ ಕಡೆಗೆ ಬರದಂತೆ ತಡೆಯುತ್ತದೆ. ಹೊಸ ಸ್ಪೀಕರ್ ಕೂರಿಸುವಾಗ ಅಥವಾ ಪವರ್ ವಿಂಡೋ ದುರಸ್ತಿ ಮಾಡುವಾಗ ಈ ಹಾಳೆಯನ್ನು ಹರಿದು, ಸರಿಯಾಗಿ ಅಂಟಿಸದೆ ಬಿಡುವುದೂ ಸೋರಿಕೆಗೆ ಕಾರಣವಾಗುತ್ತದೆ.

### ಹವಾನಿಯಂತ್ರಣ ವ್ಯವಸ್ಥೆಯ ಕೊಳವೆ

ಎ.ಸಿ. ನಡೆಯುವಾಗ ಡ್ಯಾಶ್‌ಬೋರ್ಡಿನೊಳಗಿನ ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವವು ನೀರಾಗಿ ಸಾಂದ್ರಗೊಳ್ಳುತ್ತದೆ. ಈ ನೀರು ಕೆಳಗಿನ ತಟ್ಟೆಯಲ್ಲಿ ಕೂಡಿ, ಒಂದು ರಬ್ಬರ್ ಕೊಳವೆಯ ಮೂಲಕ ಕಾರಿನಡಿಗೆ ತೊಟ್ಟಿಕ್ಕುತ್ತದೆ. ಎ.ಸಿ. ಹಾಕಿಕೊಂಡು ನಿಂತ ಕಾರಿನಡಿ ಕಾಣುವ ನೀರು ಇದೇ; ಅದು ದೋಷವಲ್ಲ, ವ್ಯವಸ್ಥೆ ಸರಿಯಾಗಿರುವುದರ ಗುರುತು. ಸೆಕೆಯ ದಿನ ಎ.ಸಿ. ಬಹಳ ಹೊತ್ತು ನಡೆದರೂ ಕಾರಿನಡಿ ನೀರು ಬೀಳದೆ ಒಳಗಿನ ಮ್ಯಾಟ್ ಒದ್ದೆಯಾದರೆ ಈ ಕೊಳವೆ ಕಟ್ಟಿಕೊಂಡಿದೆ ಎಂದು ತಿಳಿಯಬಹುದು.

### ಡಿಕ್ಕಿ ಮತ್ತು ಇತರ ಭಾಗಗಳು

ಡಿಕ್ಕಿಯ ಬಾಯಿಯ ಸುತ್ತ ನೀರು ಹರಿಯುವ ಕಾಲುವೆ ಇರುತ್ತದೆ. ಅದರಲ್ಲಿ ಕಸ ಕೂಡಿದರೆ ನೀರು ರಬ್ಬರ್ ಪಟ್ಟಿಯನ್ನು ದಾಟಿ ಸ್ಟೆಪ್ನಿ ಇಡುವ ಗುಳಿಯಲ್ಲಿ ನಿಲ್ಲುತ್ತದೆ. ಇಂಧನ ತುಂಬುವ ಮುಚ್ಚಳದ ಸುತ್ತಲಿನ ಬಟ್ಟಲಿಗೂ ಬಾಗಿಲುಗಳ ಕೆಳಗಿನ ಟೊಳ್ಳು ತೊಲೆಗಳಿಗೂ ಪ್ರತ್ಯೇಕ ರಂಧ್ರಗಳಿರುತ್ತವೆ. ತುಕ್ಕು ತಡೆಯಲು ಕಾರಿನಡಿಗೆ ಬಳಿಯುವ ಲೇಪನವನ್ನು ಅಜಾಗರೂಕತೆಯಿಂದ ಬಳಿದರೆ ಈ ರಂಧ್ರಗಳು ಮುಚ್ಚಿಹೋಗಿ, ತಡೆಯಬೇಕಾದ ತುಕ್ಕನ್ನೇ ಹೆಚ್ಚಿಸುತ್ತವೆ.

## ಅಡಚಣೆಯ ಕಾರಣಗಳು

ಜಾಲರಿಯ ಸೀಳಿನಲ್ಲಿ ತೂರಿಹೋಗುವಷ್ಟು ಸಣ್ಣ ಕಸವೇ ಹೆಚ್ಚು ಅಪಾಯಕಾರಿ. ಮಾವು, ಹಲಸುಗಳ ದೊಡ್ಡ ಎಲೆಗಳು ಜಾಲರಿಯ ಮೇಲೆಯೇ ನಿಲ್ಲುತ್ತವೆ ಮತ್ತು ಕಣ್ಣಿಗೆ ಬೀಳುತ್ತವೆ. ಹುಣಿಸೆ, ಮಳೆಮರ ಮತ್ತು ಗುಲ್‌ಮೊಹರ್ ಮರಗಳ ಪುಟ್ಟ ಎಲೆಗಳೂ ಹೊಂಗೆಯ ಹೂವುಗಳೂ ಒಳಗೆ ಇಳಿಯುತ್ತವೆ. ಅವು ಕೊಳೆತು ಧೂಳಿನೊಡನೆ ಸೇರಿ ಗೊಬ್ಬರದಂತಹ ಕೆಸರಾಗುತ್ತವೆ. ಬಹುಕಾಲ ಗಮನಿಸದ ಕೌಲ್ ತೊಟ್ಟಿಗಳಲ್ಲಿ ಸಸಿ ಮೊಳೆಯುವುದೂ ಉಂಟು.

ತೆಂಗಿನ ತೋಟದಲ್ಲಿ ನಿಲ್ಲಿಸಿದ ಕಾರಿಗೆ ಹೊಂಬಾಳೆಯಿಂದ ಉದುರುವ ಸಣ್ಣ ಗಟ್ಟಿ ಗಂಡುಹೂಗಳು ಇದೇ ತೊಂದರೆ ತರುತ್ತವೆ. ಇಲಿ ಮತ್ತು ಅಳಿಲುಗಳು ನಾರು, ಬಟ್ಟೆಯ ಚೂರುಗಳನ್ನು ತಂದು ಕೌಲ್ ತೊಟ್ಟಿಯಲ್ಲಿ ಗೂಡು ಕಟ್ಟುತ್ತವೆ. ಕುಂಬಾರ ಹುಳುಗಳು ಸಣ್ಣ ಕೊಳವೆಗಳ ಬಾಯಲ್ಲಿ ಮಣ್ಣಿನ ಗೂಡು ಮಾಡುತ್ತವೆ. ಕಚ್ಚಾ ರಸ್ತೆಗಳ ಕೆಂಪು ಧೂಳು ಬೇಸಿಗೆಯಿಡೀ ಪದರಗಟ್ಟಿ, ಮೊದಲ ಮಳೆಗೆ ಕೆಸರಾಗಿ ರಂಧ್ರಗಳತ್ತ ಸರಿಯುತ್ತದೆ.

## ಹಾಸನ ಜಿಲ್ಲೆಯ ಹವಾಮಾನ ಮತ್ತು ಸೋರಿಕೆ

ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ಪಶ್ಚಿಮ ಘಟ್ಟಗಳಿಗೆ ಸೇರಿದ ಸಕಲೇಶಪುರ ತಾಲ್ಲೂಕಿದ್ದು, ಅಲ್ಲಿ ವಾರ್ಷಿಕ ಮಳೆ 2,000 ಮಿ.ಮೀ. ದಾಟುತ್ತದೆ. ಪೂರ್ವದ ಚನ್ನರಾಯಪಟ್ಟಣ ಮತ್ತು ಅರಸೀಕೆರೆ ಕಡೆಗೆ ಬಂದಂತೆ ಮಳೆ ಅದರ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಸನ ಮತ್ತು ಅರಕಲಗೂಡು ಈ ಎರಡರ ನಡುವಿನ ಅರೆಮಲೆನಾಡಿನಲ್ಲಿವೆ. ಹೇಮಾವತಿ ನದಿಯ ದಡದಲ್ಲಿರುವ ಹೊಳೆನರಸೀಪುರ ಬಯಲುಸೀಮೆಯ ಕಡೆಗೆ ವಾಲಿದೆ. ಪಶ್ಚಿಮದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಎಡೆಬಿಡದೆ ಸುರಿದರೆ, ಪೂರ್ವದಲ್ಲಿ ಬೇಸಿಗೆಯ ಕೊನೆಯ ಗುಡುಗು ಮಳೆ ಮತ್ತು ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆಗಳೇ ಮುಖ್ಯ.

ಬೆಂಗಳೂರು–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳ ಮೂಲಕ ಸಾಗಿ ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಚನ್ನರಾಯಪಟ್ಟಣದಿಂದ ಸಕಲೇಶಪುರಕ್ಕೆ ರಸ್ತೆಯಲ್ಲಿ 100 ಕಿ.ಮೀ.ಗಿಂತ ಕಡಿಮೆ ದೂರ. ಅರ್ಧ ಮುಚ್ಚಿದ ಕೊಳವೆಯು ಚನ್ನರಾಯಪಟ್ಟಣದ ಒಂದು ಹದಮಳೆಯ ನೀರನ್ನು ನಿಧಾನವಾಗಿಯಾದರೂ ಹೊರಹಾಕುತ್ತದೆ. ಅದೇ ಕಾರು ಜುಲೈ ತಿಂಗಳಲ್ಲಿ ಘಾಟಿಯ ಮಳೆಗೆ ಸಿಕ್ಕಾಗ ಒಳಬರುವ ನೀರು ಹೊರಹೋಗುವ ನೀರಿಗಿಂತ ಹೆಚ್ಚಾಗಿ, ಒಂದೆರಡು ಗಂಟೆಗಳಲ್ಲಿ ನೆಲಹಾಸು ತೊಯ್ಯಬಹುದು. ಇದರಿಂದ ಕಾರು ಘಾಟಿಯಲ್ಲಿ ಕೆಟ್ಟಿತೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ದೋಷವು ಬೇಸಿಗೆಯಲ್ಲಿ, ಮರದ ನೆರಳಿನಲ್ಲಿ ಆರಂಭವಾಗಿರುತ್ತದೆ.

ಕಾಲದ ಹೊಂದಾಣಿಕೆಯೂ ಇದಕ್ಕೆ ಪೂರಕವಾಗಿದೆ. ಹೊಂಗೆ ಮುಂತಾದ ಸಾಲುಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ಹೂ ಬಿಡುತ್ತವೆ. ಬಿಸಿಲಿನ ಕಾರಣದಿಂದ ಕಾರುಗಳನ್ನು ಮರಗಳ ಕೆಳಗೆ ನಿಲ್ಲಿಸುವುದೂ ಅದೇ ತಿಂಗಳುಗಳಲ್ಲಿ. ಅದರ ಬೆನ್ನಿಗೆ ಮಳೆಗಾಲ ಬರುತ್ತದೆ.

## ಲಕ್ಷಣಗಳು

ಸೋರಿಕೆಯು ನೀರಾಗಿ ಕಾಣಿಸುವ ಮೊದಲು ವಾಸನೆಯಾಗಿ ತಿಳಿಯುತ್ತದೆ. ಸಾಮಾನ್ಯ ಲಕ್ಷಣಗಳು ಇವು:

- ಕಾರಿನ ಬಾಗಿಲು ತೆರೆದೊಡನೆ ಬರುವ ಮುಗ್ಗಲು ವಾಸನೆ.
- ಮಳೆ ನಿಂತ ಮೇಲೂ, ಬೆಳಗಿನ ಹೊತ್ತು ಗಾಜುಗಳ ಒಳಮೈಯಲ್ಲಿ ಕಟ್ಟುವ ಮಂಜು.
- ತಿರುವಿನಲ್ಲಿ ಅಥವಾ ಬ್ರೇಕ್ ಹಾಕಿದಾಗ ಬಾಗಿಲು, ಡ್ಯಾಶ್‌ಬೋರ್ಡ್ ಅಥವಾ ಮೇಲ್ಛಾವಣಿಯೊಳಗೆ ನೀರು ಕುಲುಕುವ ಸದ್ದು.
- ಮೇಲ್ಛಾವಣಿಯ ಬಟ್ಟೆಯಲ್ಲಿ ಅಥವಾ ಕಂಬಗಳ ಹೊದಿಕೆಯಲ್ಲಿ ಕಂದು ಬಣ್ಣದ ಕಲೆ.
- ಬ್ಲೋವರ್‌ನಿಂದ ಗರಗರ ಸದ್ದು ಅಥವಾ ಗಾಳಿಯೊಡನೆ ನೀರಿನ ಹನಿ.
- ಸೆಂಟ್ರಲ್ ಲಾಕ್, ಪವರ್ ವಿಂಡೋ, ಒಳದೀಪಗಳು ಕಾರಣವಿಲ್ಲದೆ ಆಗಾಗ ಕೈಕೊಡುವುದು.

ಒಳಗೆ ಕಂಡ ದ್ರವ ನೀರೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಬಣ್ಣವಿರುವ, ಮುಟ್ಟಿದರೆ ಜಾರುವ, ಸಿಹಿ ವಾಸನೆಯ ದ್ರವವಾದರೆ ಅದು ಎಂಜಿನ್ ತಂಪುಕಾರಕ. ಆಗ ಹೀಟರ್‌ನಲ್ಲಿ ಸೋರಿಕೆ ಇರುತ್ತದೆ. ಅದರ ದುರಸ್ತಿಯೇ ಬೇರೆ. ತಂಪುಕಾರಕ ವಿಷಕಾರಿಯಾದುದರಿಂದ ರುಚಿ ನೋಡಬಾರದು. ಮಕ್ಕಳು ಮತ್ತು ಸಾಕುಪ್ರಾಣಿಗಳನ್ನು ದೂರವಿಡಬೇಕು.

## ಮೂಲವನ್ನು ಪತ್ತೆಹಚ್ಚುವುದು

ನೀರು ಕಾಣಿಸಿಕೊಂಡ ಜಾಗವೇ ಅದು ಒಳಬಂದ ಜಾಗ ಆಗಿರಬೇಕೆಂದಿಲ್ಲ. ನೆಲಹಾಸಿನಡಿಯ ತಗಡಿನ ಮೇಲೆ ಹರಿದು, ಕಾರು ನಿಂತ ಇಳಿಜಾರಿಗೆ ತಕ್ಕಂತೆ ಹಿಂದಿನ ಆಸನದ ಬಳಿ ನಿಲ್ಲುವುದೂ ಉಂಟು. ಆದ್ದರಿಂದ ಹುಡುಕಾಟವನ್ನು ಕ್ರಮವಾಗಿ ಮಾಡಬೇಕು.

ಮೊದಲಿಗೆ, ಯಾವಾಗ ಒದ್ದೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಮಳೆಯಿಲ್ಲದ ದಿನ ಎ.ಸಿ. ಬಳಸಿದಾಗ ಮಾತ್ರ ಒದ್ದೆಯಾದರೆ ಎ.ಸಿ. ಕೊಳವೆಯ ದೋಷ. ನಿಂತ ಕಾರಿನಲ್ಲಿ ಮಳೆ ಬಂದಾಗ ಒದ್ದೆಯಾದರೆ ಕೌಲ್, ಸನ್‌ರೂಫ್ ಅಥವಾ ಬಾಗಿಲನ್ನು ಸಂಶಯಿಸಬೇಕು. ನೀರು ನಿಂತ ರಸ್ತೆಯಲ್ಲಿ ಓಡಿಸಿದಾಗ ಮಾತ್ರ ಒದ್ದೆಯಾದರೆ ನೆಲದ ರಬ್ಬರ್ ಬಿರಡೆ ಬಿದ್ದುಹೋಗಿರಬಹುದು ಅಥವಾ ಚಕ್ರದ ಬಳಿಯ ತಗಡಿನ ಜೋಡಣೆ ಬಿರುಕುಬಿಟ್ಟಿರಬಹುದು.

ಎರಡನೆಯದಾಗಿ, ನೀರಿನ ಪರೀಕ್ಷೆ. ಕಾರಿನೊಳಗೆ ಒಬ್ಬರು ಟಾರ್ಚ್ ಹಿಡಿದು ಕೂತು, ಹೊರಗೆ ಇನ್ನೊಬ್ಬರು ನಳಿಕೆಯಿಲ್ಲದ ಪೈಪಿನಿಂದ ಸಣ್ಣಗೆ ನೀರು ಬಿಡಬೇಕು. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಸಾಗುತ್ತ, ಒಂದೊಂದು ಭಾಗದಲ್ಲೂ ಐದರಿಂದ ಹತ್ತು ನಿಮಿಷ ಕಾಯಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಭಾಗಗಳೂ ಒಟ್ಟಿಗೆ ನೆನೆದು ಮೂಲ ತಿಳಿಯುವುದಿಲ್ಲ. ವಾಟರ್ ಸರ್ವಿಸ್ ಕೇಂದ್ರಗಳ ಒತ್ತಡದ ನೀರು ಈ ಪರೀಕ್ಷೆಗೆ ತಕ್ಕುದಲ್ಲ. ಅದು ಸರಿಯಾಗಿರುವ ರಬ್ಬರ್ ಪಟ್ಟಿಯನ್ನೂ ದಾಟಬಲ್ಲದು. ಒಳಗಿನ ಒಣ ತಗಡಿನ ಮೇಲೆ ಟಾಲ್ಕಂ ಪೌಡರ್ ಉದುರಿಸಿದರೆ ನೀರು ಹರಿದ ಜಾಡು ಸ್ಪಷ್ಟವಾಗಿ ಕಾಣುತ್ತದೆ.

ಸನ್‌ರೂಫ್ ಕೊಳವೆಗಳನ್ನು ಪರೀಕ್ಷಿಸಲು ಗಾಜನ್ನು ತೆರೆದು, ಮೂಲೆಯ ರಂಧ್ರಕ್ಕೆ ಒಂದು ಲೋಟದಷ್ಟು ನೀರನ್ನು ನಿಧಾನವಾಗಿ ಹನಿಸಬೇಕು. ಕೆಲವು ಕ್ಷಣಗಳಲ್ಲಿ ಅದು ಕಾರಿನಡಿ ಬೀಳಬೇಕು. ನಾಲ್ಕೂ ಮೂಲೆಗಳನ್ನು ಬೇರೆ ಬೇರೆಯಾಗಿ ನೋಡಬೇಕು.

## ಸರಿಪಡಿಸುವ ವಿಧಾನ

### ಕೌಲ್ ತೊಟ್ಟಿ

ಬಾನೆಟ್ ತೆರೆದು ಕೈಗೆ ಸಿಗುವ ಎಲೆ, ಕೆಸರನ್ನು ತೆಗೆಯಬೇಕು. ಕಸವನ್ನು ನೀರು ಹೊಯ್ದು ತಳ್ಳಬಾರದು. ಅದು ರಂಧ್ರದಲ್ಲಿ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಅಗತ್ಯವಿದ್ದರೆ ವೈಪರ್ ತೋಳುಗಳನ್ನು ಮತ್ತು ಜಾಲರಿಯನ್ನು ಬಿಚ್ಚಬೇಕಾಗುತ್ತದೆ. ಜಾಲರಿಯ ಪ್ಲಾಸ್ಟಿಕ್ ಕ್ಲಿಪ್‌ಗಳು ಹಳೆಯ ಕಾರುಗಳಲ್ಲಿ ಸುಲಭವಾಗಿ ಮುರಿಯುವುದರಿಂದ ಜೋಪಾನ ಬೇಕು. ಒಣ ಕಸವೆಲ್ಲ ಹೋದ ಮೇಲೆ ಎರಡೂ ತುದಿಗಳ ರಂಧ್ರಗಳಲ್ಲಿ ಮೆದುವಾದ ಕುಂಚ ಆಡಿಸಿ, ಕೊನೆಗೆ ಒಂದೆರಡು ಚೊಂಬು ನೀರು ಬಿಟ್ಟು ಎರಡೂ ಚಕ್ರಗಳ ಬಳಿ ಹೊರಬರುವುದನ್ನು ನೋಡಬೇಕು. ರಂಧ್ರದ ತುದಿಯಲ್ಲಿ ರಬ್ಬರ್ ಕವಾಟವಿದ್ದರೆ ಅದರೊಳಗಿನ ಕೆಸರನ್ನೂ ಹಿಂಡಿ ತೆಗೆಯಬೇಕು. ಇದೇ ವೇಳೆಯಲ್ಲಿ ಒಳಗಾಳಿಯ ಫಿಲ್ಟರನ್ನು ತೆಗೆದು ನೋಡುವುದು ಸೂಕ್ತ. ಅದು ಒದ್ದೆಯಾಗಿದ್ದರೆ ನೀರು ಬ್ಲೋವರ್‌ನ ಹಾದಿಯಲ್ಲಿ ಬಂದಿರುವ ಸಾಧ್ಯತೆ ಹೆಚ್ಚು.

### ಸನ್‌ರೂಫ್ ಕೊಳವೆ

ಮೆದುವಾದ, ತುದಿಯನ್ನು ದುಂಡಾಗಿಸಿದ ನೈಲಾನ್ ದಾರ ಈ ಕೆಲಸಕ್ಕೆ ತಕ್ಕುದು. ತೋಟಗಳಲ್ಲಿ ಬಳಸುವ ಕಳೆ ಕೊಚ್ಚುವ ಯಂತ್ರದ ದಾರವು ಇದಕ್ಕೆ ಹೊಂದುತ್ತದೆ. ಮೇಲಿನಿಂದ ನಿಧಾನವಾಗಿ ತೂರಿಸಿ, ತಡೆ ಸಿಕ್ಕಲ್ಲಿ ತಿರುಗಿಸುತ್ತ ಮುಂದುವರಿಸಬೇಕು. ಬೈಸಿಕಲ್ ಕಡ್ಡಿ, ಕಬ್ಬಿಣದ ತಂತಿಗಳು ಕೊಳವೆಯನ್ನು ತೂತು ಮಾಡಬಹುದು. ಟೈರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಪೂರ್ಣ ಒತ್ತಡದಲ್ಲಿ ಊದಿದರೆ ಕೊಳವೆ ಒಳಗೇ ಕಳಚಿಕೊಳ್ಳುವ ಅಪಾಯವಿದೆ. ಹಾಗಾದರೆ ಮೇಲ್ಛಾವಣಿಯ ಬಟ್ಟೆಯನ್ನು ಇಳಿಸದೆ ಅದನ್ನು ಮತ್ತೆ ಜೋಡಿಸಲಾಗದು.

ಹಲವು ಕಾರುಗಳಲ್ಲಿ ಮೇಲ್ಛಾವಣಿಯ ಅಂಚಿನುದ್ದಕ್ಕೂ ಕಂಬಗಳ ಹೊದಿಕೆಯ ಬಳಿಯೂ ಏರ್‌ಬ್ಯಾಗ್‌ಗಳಿರುತ್ತವೆ. ಆ ಹೊದಿಕೆಗಳನ್ನು ತೆಗೆಯುವ ಕೆಲಸವನ್ನು ತರಬೇತಿ ಪಡೆದ ಮೆಕ್ಯಾನಿಕ್‌ಗಳಿಗೇ ಬಿಡಬೇಕು.

### ಬಾಗಿಲು, ಎ.ಸಿ. ಮತ್ತು ಡಿಕ್ಕಿ

ಬಾಗಿಲಿನ ಅಡಿಯಂಚಿನ ಸೀಳುಗಳನ್ನು ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಬಿಡಿಸಬಹುದು. ಲೋಹದ ಮೊನೆಯಿಂದ ಕೆರೆದರೆ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ. ಎ.ಸಿ. ಕೊಳವೆಯ ಹೊರತುದಿಯು ಎಂಜಿನ್ ಮತ್ತು ಒಳಭಾಗವನ್ನು ಬೇರ್ಪಡಿಸುವ ಗೋಡೆಯ ಕೆಳಭಾಗದಲ್ಲಿರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಅದರ ತುದಿಯ ಕೆಸರನ್ನು ತೆಗೆಯಬೇಕು. ಕಾರಿನಡಿ ಹೋಗುವುದಾದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಬೇಕು ಅಥವಾ ಗ್ಯಾರೇಜಿನ ಲಿಫ್ಟ್ ಬಳಸಬೇಕು. ಡಿಕ್ಕಿಯ ಕಾಲುವೆಯನ್ನು ಬಟ್ಟೆಯಿಂದ ಒರೆಸಿ, ಸ್ಟೆಪ್ನಿಯನ್ನು ಎತ್ತಿ ಗುಳಿಯ ತಳ ಒಣಗಿದೆಯೇ ಎಂದು ನೋಡಬೇಕು.

### ಸಿಲಿಕೋನ್ ಬಳಕೆಯ ತೊಂದರೆ

ಸೋರುವ ಜಾಗಕ್ಕೆ ಸಿಲಿಕೋನ್ ಮೆತ್ತುವುದು ಬಹಳ ಕಡೆ ಕಾಣುವ ರೂಢಿ. ಒಡೆದ ಜೋಡಣೆಗೆ ತಕ್ಕ ಸೀಲಂಟ್ ಹಚ್ಚುವುದು ಸರಿಯಾದರೂ, ಮೂಲ ತಿಳಿಯದೆ ಮೆತ್ತಿದರೆ ನೀರು ಹೊರಹೋಗುವ ದಾರಿಯೇ ಮುಚ್ಚಿ ಸೋರಿಕೆ ಹೆಚ್ಚಬಹುದು. ಹುಳಿ ವಾಸನೆ ಬರುವ ಸಾಧಾರಣ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಬಣ್ಣವಿಲ್ಲದ ತಗಡಿನ ಮೇಲೆ ಅದು ತುಕ್ಕಿಗೆ ದಾರಿ ಮಾಡುತ್ತದೆ.

## ಒಣಗಿಸುವುದು

ಕೊಳವೆಯನ್ನು ಸರಿಪಡಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಕಾರಿನ ನೆಲಹಾಸಿನ ಕೆಳಗೆ ಸದ್ದು ತಡೆಯುವ ದಪ್ಪ ಫೋಮ್ ಇದ್ದು, ಅದು ಹಲವು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ತಳ ವಾರಗಟ್ಟಲೆ ಒದ್ದೆಯಾಗಿರಬಹುದು. ಒದ್ದೆ ಬಟ್ಟೆ, ಫೋಮ್‌ಗಳಲ್ಲಿ 24ರಿಂದ 48 ಗಂಟೆಗಳಲ್ಲಿ ಬೂಷ್ಟು ಬೆಳೆಯತೊಡಗುತ್ತದೆ.

ಬಾಗಿಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿಗಳನ್ನು ತೆಗೆದು, ನೆಲಹಾಸಿನ ಅಂಚನ್ನು ಎತ್ತಿ, ಕೆಳಗೆ ಮರದ ತುಂಡು ಇಟ್ಟು ಗಾಳಿಯಾಡಲು ಬಿಡಬೇಕು. ನೀರೆಳೆಯುವ ವ್ಯಾಕ್ಯೂಮ್ ಯಂತ್ರವಿದ್ದರೆ ಒಳ್ಳೆಯದು. ಇಲ್ಲವಾದರೆ ಹತ್ತಿಯ ಬಟ್ಟೆಗಳನ್ನು ಒತ್ತಿ ನೀರು ಹೀರಿಸಬಹುದು. ತಳದ ತಗಡಿನಲ್ಲಿ ರಬ್ಬರ್ ಬಿರಡೆಗಳಿದ್ದರೆ ನಿಂತ ನೀರನ್ನು ಅವುಗಳ ಮೂಲಕ ಬಿಟ್ಟು, ಮರೆಯದೆ ಮತ್ತೆ ಕೂರಿಸಬೇಕು. ಪೂರ್ವ ತಾಲ್ಲೂಕುಗಳಲ್ಲಿ ಎರಡು ಮೂರು ದಿನದ ಬಿಸಿಲು ಈ ಕೆಲಸಕ್ಕೆ ನೆರವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹೊರಗಾಳಿಯೇ ತೇವವಾಗಿರುವುದರಿಂದ, ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಎ.ಸಿ. ನಡೆಸಿದರೆ ಒಳಗಾಳಿಯ ತೇವ ಕಡಿಮೆಯಾಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ವಿಷಾನಿಲದ ಕಾರಣ ಪ್ರಾಣಾಪಾಯಕಾರಿ.

ಆಸನಗಳ ಕೆಳಗೆ ವೈರ್‌ಗಳ ಜೋಡಣೆಗಳಿದ್ದರೆ ಒಣಗಿಸುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಕಳಚಬೇಕು. ಏರ್‌ಬ್ಯಾಗ್‌ಗೆ ಸೇರಿದ, ಸಾಮಾನ್ಯವಾಗಿ ಹಳದಿ ಬಣ್ಣದ, ಜೋಡಣೆಗಳನ್ನು ಮುಟ್ಟಬಾರದು. ವಿದ್ಯುತ್ ಚಾಲಿತ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳು ಅಧಿಕ ವೋಲ್ಟೇಜಿನವು. ಅಂತಹ ಕಾರಿನ ನೆಲದಲ್ಲಿ ನೀರು ನಿಂತಿದ್ದರೆ ತಜ್ಞರನ್ನೇ ಕರೆಯಬೇಕು.

## ನಿರ್ಲಕ್ಷ್ಯದ ಪರಿಣಾಮಗಳು

ಇಂದಿನ ಕಾರುಗಳಲ್ಲಿ ವೈರಿಂಗ್ ಮತ್ತು ನಿಯಂತ್ರಣ ಪೆಟ್ಟಿಗೆಗಳ ಹಲವು ಭಾಗಗಳು ನೆಲಹಾಸಿನ ಕೆಳಗೆ, ಆಸನಗಳ ಅಡಿಯಲ್ಲಿ ಅಥವಾ ಡ್ಯಾಶ್‌ಬೋರ್ಡಿನ ಕೆಳಗೆ ಇರುತ್ತವೆ. ಏರ್‌ಬ್ಯಾಗ್‌ಗಳ ನಿಯಂತ್ರಣ ಪೆಟ್ಟಿಗೆ ಹೆಚ್ಚಾಗಿ ಗೇರ್ ಹಿಡಿಯ ಸುತ್ತಮುತ್ತ, ನೆಲದ ಮಟ್ಟದಲ್ಲಿರುತ್ತದೆ. ನೀರು ತಾಗಿದ ತಾಮ್ರದ ಸಂಪರ್ಕಗಳಲ್ಲಿ ಹಸಿರು ಕಿಲುಬು ಹಿಡಿದು, ನೀರು ಒಣಗಿ ತಿಂಗಳುಗಳಾದ ಮೇಲೆಯೂ ದೋಷ ಕಾಣಿಸಿಕೊಳ್ಳಬಹುದು. ಕೊಳವೆಯೊಂದರ ಕಸ ತೆಗೆಯುವ ಖರ್ಚಿಗೂ ನಿಯಂತ್ರಣ ಪೆಟ್ಟಿಗೆಯನ್ನು ಬದಲಿಸುವ ಖರ್ಚಿಗೂ ಹೋಲಿಕೆಯೇ ಇಲ್ಲ.

ಒಳಗಿನ ತೇವದಿಂದ ಮುಂಗಾಜಿಗೆ ಮಂಜು ಕವಿಯುವುದು ಶಿರಾಡಿ, ಬಿಸಿಲೆಯಂತಹ ಘಾಟಿ ರಸ್ತೆಗಳಲ್ಲಿ ನೇರವಾದ ಅಪಾಯ. ಬೂಷ್ಟಿನ ಕಣಗಳು ಬ್ಲೋವರ್ ಮೂಲಕ ಹರಡಿ ಆಸ್ತಮಾ ಮತ್ತು ಅಲರ್ಜಿ ಇರುವವರಿಗೆ ತೊಂದರೆ ಕೊಡುತ್ತವೆ. ನೆಲದ ತಗಡಿಗೆ ಒಳಗಿನಿಂದ ಹಿಡಿಯುವ ತುಕ್ಕು ಹೊರಗೆ ಕಾಣುವ ಹೊತ್ತಿಗೆ ಟಿಂಕರಿಂಗ್ ಕೆಲಸ ಅನಿವಾರ್ಯವಾಗಿರುತ್ತದೆ.

## ವಿಮೆ ಮತ್ತು ಹಳೆಯ ಕಾರಿನ ಖರೀದಿ

ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಕಡ್ಡಾಯವಾದ ಮೂರನೇ ವ್ಯಕ್ತಿಯ ವಿಮೆಯು ಸ್ವಂತ ಕಾರಿನ ಹಾನಿಗೆ ಅನ್ವಯಿಸುವುದಿಲ್ಲ. ಸಮಗ್ರ ವಿಮೆಯು ಪ್ರವಾಹ, ಬಿರುಗಾಳಿ ಮುಂತಾದ ಆಕಸ್ಮಿಕಗಳಿಗೆ ಪರಿಹಾರ ಕೊಡುತ್ತದೆ. ಆದರೆ ಸವೆತ ಮತ್ತು ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯಗಳನ್ನು ಅದರಿಂದ ಹೊರಗಿಡಲಾಗಿದೆ. ಕಟ್ಟಿಕೊಂಡ ಕೊಳವೆಯಿಂದ ನಿಧಾನವಾಗಿ ಆದ ಹಾನಿಯನ್ನು ನಿರ್ವಹಣೆಯ ಕೊರತೆಯೆಂದು ಪರಿಗಣಿಸುವ ಸಂಭವವಿರುವುದರಿಂದ ಪಾಲಿಸಿಯ ಷರತ್ತುಗಳನ್ನು ಓದಿಕೊಳ್ಳಬೇಕು.

ಹಳೆಯ ಕಾರು ಕೊಳ್ಳುವವರು ಮ್ಯಾಟ್‌ಗಳನ್ನು ಎತ್ತಿ ನೆಲಹಾಸನ್ನು ಅಂಗೈಯಿಂದ ಒತ್ತಿ ನೋಡಬೇಕು. ಸ್ಟೆಪ್ನಿಯ ಗುಳಿ, ಆಸನದ ಬೋಲ್ಟ್‌ಗಳ ತುಕ್ಕು ಮತ್ತು ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆಗಳು ನೀರು ನಿಂತದ್ದರ ಸುಳಿವು ಕೊಡುತ್ತವೆ. ಗಾಢವಾದ ಸುಗಂಧ ಸಿಂಪಡಿಸಿದ ಕಾರಿನಲ್ಲಿ ಈ ಪರೀಕ್ಷೆ ಇನ್ನೂ ಅಗತ್ಯ.

## ಮುನ್ನೆಚ್ಚರಿಕೆ

ವರ್ಷಕ್ಕೆ ಎರಡು ಬಾರಿ ಈ ದಾರಿಗಳನ್ನು ನೋಡಿಕೊಂಡರೆ ಸಾಮಾನ್ಯವಾಗಿ ಸಾಕು. ಏಪ್ರಿಲ್ ಕೊನೆಯ ಭರಣಿ ಮಳೆಗೆ ಮುನ್ನ ಒಮ್ಮೆ ಮತ್ತು ಸೆಪ್ಟೆಂಬರ್ ಕೊನೆಯ ಹಸ್ತ ಮಳೆಗೆ ಮುನ್ನ ಇನ್ನೊಮ್ಮೆ ಸ್ವಚ್ಛಗೊಳಿಸುವುದು ಹಾಸನ ಜಿಲ್ಲೆಯ ಮಳೆಯ ಕ್ರಮಕ್ಕೆ ಹೊಂದುತ್ತದೆ. ಮರದ ಕೆಳಗೆ ಪ್ರತಿದಿನ ನಿಲ್ಲುವ ಕಾರಿಗೆ ಹೂ ಉದುರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಕೌಲ್ ಜಾಲರಿಯನ್ನು ಒರೆಸಬೇಕು. ಕಾರಿಗೆ ಹೊದಿಕೆ ಹಾಕುವುದಾದರೆ ಅದನ್ನು ತೆಗೆಯುವ ಮುನ್ನ ಮೇಲಿನ ಎಲೆಗಳನ್ನು ಕೊಡವಬೇಕು. ಇಲ್ಲದಿದ್ದರೆ ಅವೆಲ್ಲವೂ ಜಾಲರಿಯ ಮೇಲೆಯೇ ಬೀಳುತ್ತವೆ. ಸರ್ವಿಸ್‌ಗೆ ಬಿಟ್ಟಾಗ ಕೊಳವೆಗಳ ಶುದ್ಧೀಕರಣವನ್ನು ಪ್ರತ್ಯೇಕವಾಗಿ ಹೇಳುವುದು ಒಳಿತು. ಎಲ್ಲ ತಯಾರಕರ ನಿಯತ ಸರ್ವಿಸ್ ಪಟ್ಟಿಯಲ್ಲಿ ಅದು ಇರುವುದಿಲ್ಲ.

## ಇವನ್ನೂ ನೋಡಿ

- ಹವಾನಿಯಂತ್ರಣ
- ತುಕ್ಕು
- ಮುಂಗಾರು
- ಹಾಸನ ಜಿಲ್ಲೆ
- ಶಿರಾಡಿ ಘಾಟಿ